ಮನೆಯಲ್ಲೊಂದು ರಿಪೇರಿ ಮೇಜು: ಏನನ್ನು ಎಲ್ಲಿಡಬೇಕು, ಯಾಕೆ

ಯಾವ ಸೋಲ್ಡರಿಂಗ್ ಐರನ್ ತಗೊಳ್ಳಲಿ, ಯಾವ ಸ್ಕ್ರೂಡ್ರೈವರ್ ಸೆಟ್ ಒಳ್ಳೇದು ಎಂದು ಕೇಳುವವರಿಗೆ ಉತ್ತರ ಹೇಳುವುದು ಸುಲಭ. ಆರು ತಿಂಗಳಾದ ಮೇಲೆ ಅದೇ ಓದುಗರು ಇನ್ನೊಂದು ಪ್ರಶ್ನೆ ಹೊತ್ತು ಬರುತ್ತಾರೆ. "ಸಾಮಾನೆಲ್ಲಾ ಇದೆ, ಆದರೆ ಕೆಲಸಕ್ಕೆ ಕೂತರೆ ಅರ್ಧ ಗಂಟೆ ಹುಡುಕುವುದರಲ್ಲೇ ಹೋಗುತ್ತದೆ. ಏನು ಮಾಡಲಿ?" ಈ ಲೇಖನ ಆ ಪ್ರಶ್ನೆಗೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮನೆಯ ರಿಪೇರಿ ಜಾಗ ಗಲೀಜಾಗುವುದು ಸಾಮಾನು ಜಾಸ್ತಿ ಆಗಿದ್ದಕ್ಕಲ್ಲ, ಅರ್ಧಕ್ಕೆ ಬಿಚ್ಚಿಟ್ಟ ಕೆಲಸಗಳಿಗೆ ಇಡುವ ಜಾಗ ಇಲ್ಲದ್ದಕ್ಕೆ. ನಮ್ಮದು ಅಂಗಡಿ ಅಲ್ಲ. ಒಂದೇ ಸಲಕ್ಕೆ ಕೂತು ಮುಗಿಸುವ ಕೆಲಸ ಕಡಿಮೆ. ಪಾರ್ಟ್ ಬರಬೇಕು, ರಜೆ ಸಿಗಬೇಕು, ಕರೆದಾಗ ಎದ್ದು ಹೋಗಬೇಕು. ಆದ್ದರಿಂದ ಐದು ನಿಮಿಷದಲ್ಲಿ ಮುಚ್ಚಿಡಲು, ಹತ್ತು ದಿನ ಬಿಟ್ಟು ಬಂದು ಬಿಟ್ಟಲ್ಲಿಂದಲೇ ಶುರು ಮಾಡಲು ಆಗುವ ಹಾಗೆ ಜಾಗ ಜೋಡಿಸಬೇಕು. ಕೆಳಗಿನ ಹಂತಗಳನ್ನು ಈ ಲೆಕ್ಕದಲ್ಲೇ ಓದಿ.

1. ಡಬ್ಬ ಕೊಳ್ಳುವ ಮೊದಲು ಮೂರು ಕೆಲಸ ಮಾಡಿ ನೋಡಿ

ಎಲ್ಲರೂ ಮಾಡುವ ಮೊದಲ ತಪ್ಪು ಇದೇ. ನಲವತ್ತು ಖಾನೆಗಳ ಪ್ಲಾಸ್ಟಿಕ್ ಡ್ರಾಯರ್ ತಂದು ಗೋಡೆಗೆ ಹಾಕುತ್ತಾರೆ, ಆಮೇಲೆ ಅದರಲ್ಲಿ ಏನು ತುಂಬಲಿ ಎಂದು ಯೋಚಿಸುತ್ತಾರೆ. ಅದರ ಬದಲು ಇರುವ ಮೇಜಿನ ಮೇಲೇ ಮೂರು ಬೇರೆ ಬೇರೆ ಕೆಲಸ ಮಾಡಿ. ಒಂದು ಚಾರ್ಜರ್ ವೈರ್‌ಗೆ ಬೆಸುಗೆ, ಒಂದು ರಿಮೋಟ್ ಬಿಚ್ಚಿ ತೊಳೆಯುವುದು, ಒಂದು ಸತ್ತ ಅಡಾಪ್ಟರ್ ಚೆಕ್ ಮಾಡುವುದು, ಹೀಗೆ. ಪ್ರತಿ ಸಲ ಕುರ್ಚಿಯಿಂದ ಎದ್ದಾಗ ಯಾಕೆ ಎದ್ದಿರಿ ಎಂದು ಚೀಟಿಯಲ್ಲಿ ಬರೆಯಿರಿ. ಆ ಚೀಟಿಯಲ್ಲಿ ಪದೇ ಪದೇ ಬಂದ ವಸ್ತುಗಳು ಕೈಗೆಟಕುವಲ್ಲಿ ಇರಬೇಕು. ಮಿಕ್ಕವು ಕಪಾಟಿಗೆ. ನನ್ನ ಚೀಟಿಯಲ್ಲಿ ಅತಿ ಹೆಚ್ಚು ಸಲ ಬಂದಿದ್ದು ಬಟ್ಟೆ ಚಿಂದಿ ಮತ್ತು ಪೆನ್ನು. ಎರಡೂ ಯಾವ ಟೂಲ್ ಪಟ್ಟಿಯಲ್ಲೂ ಇರುವುದಿಲ್ಲ!

2. ಮೇಜು

ಬರೆಯುವ ಮೇಜು ಸಾಮಾನ್ಯವಾಗಿ 72ರಿಂದ 75 ಸೆಂಟಿಮೀಟರ್ ಎತ್ತರ ಇರುತ್ತದೆ. ಅದು ಸಾಕು. ಸಣ್ಣ ಬೆಸುಗೆ ಕೆಲಸಕ್ಕೆ ಮಾತ್ರ ಸರ್ಕ್ಯೂಟ್ ಬೋರ್ಡ್ ಮೊಣಕೈಗಿಂತ ನಾಲ್ಕೈದು ಸೆಂಟಿಮೀಟರ್ ಮೇಲಿದ್ದರೆ ಕತ್ತು ಬಗ್ಗಿಸುವುದು ತಪ್ಪುತ್ತದೆ. ಅದಕ್ಕೆ ಬೇರೆ ಮೇಜು ಬೇಡ, ಬೋರ್ಡ್ ಹಿಡಿದುಕೊಳ್ಳುವ ಸ್ಟ್ಯಾಂಡ್ ಕೆಳಗೆ ಒಂದು ಗಟ್ಟಿ ಹಲಗೆ ಇಟ್ಟರಾಯಿತು. ಆಳ 60 ಸೆಂಟಿಮೀಟರ್ ಇದ್ದರೆ ಹಿಂದೆ ಮೀಟರ್, ಪವರ್ ಸಪ್ಲೈ ಇಟ್ಟು ಮುಂದೆ ಕೆಲಸ ಮಾಡಬಹುದು.

ಮೇಲ್ಮೈ ತಿಳಿ ಬಣ್ಣದ್ದಿರಲಿ. ಕಪ್ಪು ಮೇಜಿನ ಮೇಲೆ ಬಿದ್ದ ಕಪ್ಪು ಸ್ಕ್ರೂ ಸಿಗುವುದು ನಾಳೆ ಗುಡಿಸುವಾಗಲೇ. ಅಂಚಿಗೆ ಒಂದು ತೆಳು ಪಟ್ಟಿ ಹೊಡೆದರೆ ಉರುಳುವ ವಸ್ತು ನೆಲಕ್ಕೆ ಬೀಳುವುದಿಲ್ಲ. ಕಾರ್ಪೆಟ್ ಹಾಸಿದ ಕೋಣೆ ಬೇಡವೇ ಬೇಡ. ಬಿದ್ದದ್ದು ಸಿಗುವುದಿಲ್ಲ, ಸ್ಟ್ಯಾಟಿಕ್ (6ನೇ ಹಂತ ನೋಡಿ) ಬೇರೆ.

ಊಟದ ಮೇಜೊಂದೇ ಗತಿ ಎನ್ನುವವರು ಒಂದು ದೊಡ್ಡ ಪ್ಲೈವುಡ್ ಹಲಗೆಯನ್ನೇ ಮೇಜು ಅಂದುಕೊಳ್ಳಿ. ಕೆಲಸ ಆದ ಮೇಲೆ ಹಲಗೆ ಸಮೇತ ಎತ್ತಿಡಬಹುದು. ಮತ್ತೆ ಊಟಕ್ಕೆ ಕೂರುವ ಮೊದಲು ಮೇಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಯಾಕೆ ಎಂದು ಬೆಸುಗೆಯ ಹಂತದಲ್ಲಿ ಹೇಳುತ್ತೇನೆ.

3. ಕರೆಂಟ್: ಇಲ್ಲಿ ಅವಸರ ಬೇಡ

ಮೇಜಿಗೆ ಬರುವ ಕರೆಂಟ್ ಎರಡು ಭಾಗ ಆಗಿರಬೇಕು. ಒಂದು ದೀಪಕ್ಕೆ. ಇನ್ನೊಂದು ಐರನ್‌ಗೆ ಮತ್ತು ಪರೀಕ್ಷೆ ಮಾಡುವ ವಸ್ತುಗಳಿಗೆ. ಎರಡೂ ಒಂದೇ ಸರ್ಕ್ಯೂಟ್‌ನಲ್ಲಿದ್ದರೆ, ನೀವು ಚೆಕ್ ಮಾಡುತ್ತಿರುವ ಅಡಾಪ್ಟರ್ ಶಾರ್ಟ್ ಆಗಿ ಟ್ರಿಪ್ ಆದ ಕೂಡಲೇ ಕೋಣೆ ಕತ್ತಲು. ಕೈಯಲ್ಲಿ 350 ಡಿಗ್ರಿ ಕಾದ ಐರನ್. ಚೆನ್ನಾಗಿರುವುದಿಲ್ಲ, ಅಲ್ವಾ? ಎರಡನೇ ಭಾಗಕ್ಕೆ ಕುಳಿತಲ್ಲಿಂದಲೇ ಕಣ್ಣಿಗೆ ಕಾಣುವ, ದೀಪ ಉರಿಯುವ ಒಂದು ಮೇನ್ ಸ್ವಿಚ್ ಹಾಕಿಸಿ. ಎದ್ದು ಹೋಗುವಾಗ ಅದೊಂದನ್ನು ಆರಿಸಿದರೆ ಎಲ್ಲಾ ಆಫ್. ಸ್ವಿಚ್ ಮೇಜಿನ ಕೆಳಗೆ ಬೇಡ. ಮನೆಯವರಿಗೂ ಅದು ಎಲ್ಲಿದೆ ಎಂದು ಗೊತ್ತಿರಲಿ.

ಆರ್‌ಸಿಸಿಬಿ ಇದೆಯಾ ನೋಡಿ. ಲೈನ್‌ನಲ್ಲಿ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬಾರದೆ ಎಲ್ಲೋ ಸೋರುತ್ತಿದ್ದರೆ ತಕ್ಷಣ ಕಟ್ ಮಾಡುವ ಸ್ವಿಚ್ ಅದು. 30 ಮಿಲಿಆಂಪ್‌ದು ಬೇಕು. ಆದರೆ ಒಂದು ವಿಷಯ ಅದಕ್ಕೆ ಗೊತ್ತಾಗುವುದಿಲ್ಲ. ಒಂದು ಕೈ ಲೈನ್‌ಗೆ, ಇನ್ನೊಂದು ಕೈ ನ್ಯೂಟ್ರಲ್‌ಗೆ ತಾಗಿದರೆ ಅದರ ಲೆಕ್ಕದಲ್ಲಿ ನೀವೂ ಒಂದು ಬಲ್ಬ್ ಅಷ್ಟೇ. ಸಾಕೆಟ್‌ಗೆ ಅರ್ಥಿಂಗ್ ನಿಜವಾಗಿಯೂ ಬಂದಿದೆಯಾ ಎನ್ನುವುದನ್ನು ಎಲೆಕ್ಟ್ರಿಷಿಯನ್ ಕೈಲಿ ಚೆಕ್ ಮಾಡಿಸಿ. ಮೂರನೇ ತೂತು ಇದ್ದ ಮಾತ್ರಕ್ಕೆ ಅರ್ಥ್ ಇದೆ ಎಂದಲ್ಲ.

ಇನ್ನು ಸೀರೀಸ್ ಲ್ಯಾಂಪ್. ರಿಪೇರಿ ಮಾಡಿದ ವಸ್ತುವನ್ನು ನೇರವಾಗಿ ಕರೆಂಟ್‌ಗೆ ಕೊಡುವ ಬದಲು, ಲೈನ್‌ನಲ್ಲಿ ಒಂದು ಬಲ್ಬ್ ದಾಟಿಸಿ ಕೊಡುವುದು. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ವಸ್ತು ಉಳಿಯುತ್ತದೆ. ಎಲ್ಲಾ ಸರಿ ಇದ್ದರೆ ಬಲ್ಬ್ ಒಮ್ಮೆ ಮಿಂಚಿ ಮಂಕಾಗುತ್ತದೆ. ಆ ಮಿಂಚು ಒಳಗಿನ ದೊಡ್ಡ ಕೆಪಾಸಿಟರ್ (ಕರೆಂಟ್ ಕೂಡಿಟ್ಟುಕೊಳ್ಳುವ ಭಾಗ) ತುಂಬಿಕೊಂಡಿದ್ದು. ಸಣ್ಣ ಅಡಾಪ್ಟರ್‌ಗಳಿಗೆ 40 ಅಥವಾ 60 ವ್ಯಾಟ್ ಬಲ್ಬ್, ಟಿವಿ, ಆಂಪ್ಲಿಫೈಯರ್‌ಗೆ 100 ವ್ಯಾಟ್ ಸರಿಹೋಗುತ್ತದೆ. ಒಳಗೆ ತಂತಿ ಕಾದು ಉರಿಯುವ ಹಳೇ ಬಲ್ಬೇ ಬೇಕು, ಎಲ್‌ಇಡಿ ಬಲ್ಬ್ ಹಾಕಿದರೆ ಉಪಯೋಗವಿಲ್ಲ. ಕಾದ ತಂತಿಯ ರೆಸಿಸ್ಟೆನ್ಸ್ ತಣ್ಣಗಿರುವಾಗಿಗಿಂತ ಹತ್ತು ಪಟ್ಟಿಗೂ ಜಾಸ್ತಿ. ಕರೆಂಟ್ ತಡೆಯುವುದೇ ಅದು. ಈ ಬಲ್ಬ್ ಕಾಯುವುದು ವಸ್ತುವನ್ನು ಮಾತ್ರ, ನಿಮ್ಮನ್ನಲ್ಲ. ಬಲ್ಬ್ ಮಂಕಾಗಿದ್ದರೂ ಒಳಗೆ ಮುಟ್ಟಿದರೆ ಶಾಕ್ ಅದೇ. ಹೋಲ್ಡರ್, ಸಾಕೆಟ್, ಸ್ವಿಚ್ ಎಲ್ಲವನ್ನೂ ಮುಚ್ಚಿದ ಡಬ್ಬಿಯಲ್ಲಿ ಗಟ್ಟಿಯಾಗಿ ಕೂರಿಸಬೇಕು. ವೈರಿಂಗ್ ಅಭ್ಯಾಸವಿಲ್ಲದವರು ಗೊತ್ತಿರುವವರಿಂದ ಮಾಡಿಸಿ.

ಬಿಚ್ಚಿದ ಅಡಾಪ್ಟರ್ ಪ್ಲಗ್‌ನಿಂದ ತೆಗೆದ ಮೇಲೂ ಕಚ್ಚುತ್ತದೆ. 230 ವೋಲ್ಟ್ ಸಪ್ಲೈ ಇರುವ ಕಡೆ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಸುಮಾರು 325 ವೋಲ್ಟ್ ಡಿಸಿ ಕೂತಿರುತ್ತದೆ. ಸ್ಕ್ರೂಡ್ರೈವರ್ ಅಡ್ಡ ಹಿಡಿದು ಪಟ್ ಎನ್ನಿಸುವ ಅಭ್ಯಾಸ ಬಿಡಿ, ಕಿಡಿಗೆ ಟ್ರ್ಯಾಕ್ (ಬೋರ್ಡ್ ಮೇಲಿನ ತಾಮ್ರದ ಗೆರೆ) ಸುಟ್ಟುಹೋಗಬಹುದು, ಕಣ್ಣಿಗೂ ಅಪಾಯ. ಒಂದು 10 ಕಿಲೋಓಮ್, 10 ವ್ಯಾಟ್ ರೆಸಿಸ್ಟರ್‌ಗೆ ಎರಡು ಇನ್ಸುಲೇಟೆಡ್ ಪ್ರೋಬ್ ಬೆಸೆದು ಮೇಜಿನ ಪಕ್ಕದ ಮೊಳೆಗೆ ನೇತುಹಾಕಿ. 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಹತ್ತು ಸೆಕೆಂಡಿನೊಳಗೆ ಖಾಲಿಯಾಗುತ್ತದೆ. ಆಮೇಲೆ ಮೀಟರ್‌ನಲ್ಲಿ ನೋಡಿ, ನೋಡಿದ ಮೇಲೇ ಮುಟ್ಟಿ. ಮೈಕ್ರೋವೇವ್ ಓವನ್ ಮತ್ತು ಹಳೇ ದಪ್ಪ ಟಿವಿಗಳನ್ನು ಮನೆಯ ಮೇಜಿಗೆ ತರಲೇಬೇಡಿ. ಅವುಗಳೊಳಗೆ ಸಾವಿರಾರು ವೋಲ್ಟ್ ಇರುತ್ತದೆ, ಕಲಿಯುವ ಜಾಗ ಅದಲ್ಲ.

4. ಬೆಳಕು

ಒಂದೇ ದೀಪ ಇದ್ದರೆ ನಿಮ್ಮ ಕೈಯ ನೆರಳೇ ಬೋರ್ಡ್ ಮೇಲೆ ಬೀಳುತ್ತದೆ. ಎರಡು ಬದಿಯಿಂದ ಎರಡು ಸಣ್ಣ ದೀಪ ಇಡಿ. 4000ರಿಂದ 5000 ಕೆಲ್ವಿನ್ ಬಿಳಿ ಬೆಳಕು ಒಳ್ಳೇದು. ಹಳದಿ ದೀಪದ ಕೆಳಗೆ ರೆಸಿಸ್ಟರ್ ಮೇಲಿನ ಕೆಂಪು ಪಟ್ಟಿ, ಕಿತ್ತಳೆ ಪಟ್ಟಿ ಒಂದೇ ಥರ ಕಾಣುತ್ತವೆ. ಪೆಟ್ಟಿಗೆಯ ಮೇಲೆ ಸಿಆರ್‌ಐ 90 ಅಥವಾ ಮೇಲೆ ಎಂದಿದ್ದರೆ ಬಣ್ಣ ಸರಿಯಾಗಿ ಕಾಣುತ್ತದೆ ಎಂದರ್ಥ. ಜೊತೆಗೆ 10 ಪಟ್ಟು ದೊಡ್ಡದು ಮಾಡುವ ಒಂದು ಸಣ್ಣ ಲೂಪ್ ಕನ್ನಡಿ ಇದ್ದರೆ ಬಿರುಕು ಬಿಟ್ಟ ಬೆಸುಗೆ ಗೊತ್ತಾಗುತ್ತದೆ. ಮೈಕ್ರೋಸ್ಕೋಪ್ ಆಮೇಲೆ ನೋಡೋಣ.

5. ಬೆಸುಗೆಯ ಮೂಲೆ

ಐರನ್ ಸ್ಟ್ಯಾಂಡ್ ನೀವು ಬರೆಯುವ ಕೈಯ ಕಡೆಗೇ ಇರಬೇಕು. ಅದರ ವೈರ್ ನಿಮ್ಮ ಎದುರಿಂದ ಅಡ್ಡ ಹಾಯಬಾರದು. ಬೇರೆ ಕಡೆ ಇಟ್ಟವರು ಕಾದ ಐರನ್ ಹಿಡಿದು ಮೈಮುಂದೆ ದಾಟಿಸುತ್ತಿರುತ್ತಾರೆ, ಒಂದು ದಿನ ಮುಂಗೈಯೇ ವೈರ್‌ಗೆ ಸಿಕ್ಕಿ ಸ್ಟ್ಯಾಂಡ್ ಸಮೇತ ಎಳೆದುಕೊಳ್ಳುತ್ತಾರೆ. ಐರನ್ ಜಾರಿ ಬಿದ್ದರೆ ಕೈ ಹಿಂದೆ ತಗೊಳ್ಳಿ, ಹಿಡಿಯಲು ಹೋಗಬೇಡಿ. ನಾನು ಒಂದು ಸಲ ಹಿಡಿದಿದ್ದೇನೆ. ಎರಡನೇ ಸಲ ಬಿದ್ದಾಗ ಸುಮ್ನೆ ನೋಡುತ್ತಾ ಕೂತೆ.

ಟೆಂಪರೇಚರ್ ಹೊಂದಿಸುವ ಐರನ್ ಇದ್ದರೆ, ಸೀಸ ಇರುವ ಸೋಲ್ಡರ್‌ಗೆ 320ರಿಂದ 350 ಡಿಗ್ರಿ, ಸೀಸ ಇಲ್ಲದ್ದಕ್ಕೆ 350ರಿಂದ 380 ಡಿಗ್ರಿ. 60/40 ಸೋಲ್ಡರ್ (60 ಪಾಲು ತವರ, 40 ಪಾಲು ಸೀಸ) 183 ಡಿಗ್ರಿಗೆ ಮೆತ್ತಗಾಗಲು ಶುರುವಾಗಿ 190ರ ಹೊತ್ತಿಗೆ ಪೂರ್ತಿ ಕರಗುತ್ತದೆ. ಸೀಸ ಇಲ್ಲದವುಗಳಲ್ಲಿ ಹೆಚ್ಚಿನವಕ್ಕೆ 217 ದಾಟಬೇಕು. ಕರಗುತ್ತಿಲ್ಲ ಎಂದು 450ಕ್ಕೆ ಏರಿಸುವುದು ದೊಡ್ಡ ತಪ್ಪು. ಹೆಚ್ಚಿನ ಸಲ ತೊಂದರೆ ಇರುವುದು ತುದಿಯಲ್ಲಿ. ತುದಿಯನ್ನು ಹತ್ತಿರದಿಂದ ನೋಡಿ. ಕನ್ನಡಿಯಂತೆ ಬೆಳ್ಳಿ ಬಣ್ಣಕ್ಕೆ ಹೊಳೆಯುತ್ತಿದ್ದರೆ ಸರಿ. ಕಪ್ಪಾಗಿ, ಸೋಲ್ಡರ್ ತಾಗಿಸಿದರೆ ಗುಂಡಾಗಿ ಉರುಳಿ ಬಿದ್ದರೆ ಶಾಖ ದಾಟುತ್ತಿಲ್ಲ ಎಂದರ್ಥ. ಹಿತ್ತಾಳೆ ನಾರಿನಲ್ಲಿ ಒರೆಸಿ, ಹೊಸ ಸೋಲ್ಡರ್ ತಿನ್ನಿಸಿ. ಅರ, ಮರಳು ಕಾಗದ ಮುಟ್ಟಿಸಬೇಡಿ. ಈಗಿನ ತುದಿಗಳು ತಾಮ್ರದ ಮೇಲೆ ತೆಳು ಕಬ್ಬಿಣದ ಪದರ ಹೊತ್ತಿರುತ್ತವೆ, ಅದು ಹೋದರೆ ತುದಿಯೇ ಹೋಯಿತು. ಆಫ್ ಮಾಡುವ ಮುನ್ನ ತುದಿಗೆ ಒಂದು ಹನಿ ಸೋಲ್ಡರ್ ಹಚ್ಚಿಯೇ ಇಡಿ, ಒರೆಸಿ ಇಡಬೇಡಿ.

ಫ್ಲಕ್ಸ್ ಎಂದರೆ ಲೋಹದ ಮೇಲಿನ ಆಕ್ಸೈಡ್ ಪೊರೆ ತೆಗೆದು ಸೋಲ್ಡರ್ ಹರಡುವಂತೆ ಮಾಡುವ ಅಂಟಿನಂಥ ವಸ್ತು. ಎಲೆಕ್ಟ್ರಾನಿಕ್ಸ್‌ಗೆಂದೇ ಇರುವುದನ್ನು ತನ್ನಿ. ಪೈಪ್ ಕೆಲಸದ ಆಸಿಡ್ ಫ್ಲಕ್ಸ್ ಬೆಸುಗೆಯನ್ನೇನೋ ಚೆನ್ನಾಗಿ ಹಿಡಿಸುತ್ತದೆ, ಕೆಲವು ತಿಂಗಳಲ್ಲಿ ಟ್ರ್ಯಾಕನ್ನೂ ತಿಂದುಹಾಕುತ್ತದೆ.

ಹೊಗೆಯ ವಿಷಯದಲ್ಲಿ ಎಲ್ಲರಿಗೂ ಒಂದು ಗೊಂದಲ. ಆ ಹೊಗೆ ಸೀಸದ್ದಲ್ಲ, ಫ್ಲಕ್ಸ್‌ದು. ಈ ಶಾಖಕ್ಕೆ ಸೀಸ ಆವಿಯಾಗುವುದಿಲ್ಲ. ಹಾಗಂತ ಹೊಗೆ ಕುಡಿಯಬಹುದು ಎಂದಲ್ಲ, ರಾಳದ ಹೊಗೆಯಿಂದ ಅಸ್ತಮಾ ಬರಬಹುದು. ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ಒಂದನ್ನು ಬೋರ್ಡ್‌ನಿಂದ ಒಂದು ಗೇಣು ದೂರದಲ್ಲಿ, ಹೊಗೆಯನ್ನು ನಿಮ್ಮಿಂದ ಆಚೆಗೆ ಎಳೆದು ಕಿಟಕಿಯತ್ತ ತಳ್ಳುವ ಹಾಗೆ ಇಡಿ. ಬೋರ್ಡ್ ಮೇಲೆ ಗಾಳಿ ಊದುವ ಹಾಗೆ ಇಟ್ಟರೆ ಬೆಸುಗೆ ತಣ್ಣಗಾಗುತ್ತದೆ. ಸೀಸ ಒಳಗೆ ಹೋಗುವುದು ಬೆರಳಿನಿಂದ ಬಾಯಿಗೆ. ಅದಕ್ಕೇ ಈ ಮೇಜಿನ ಮೇಲೆ ತಿಂಡಿ, ಕಾಫಿ ಇಲ್ಲ. ಮಕ್ಕಳಿರುವ ಮನೆಯಲ್ಲಿ ಇದರಲ್ಲಿ ರಾಜಿ ಬೇಡ.

ತೊಳೆಯುವ ಐಸೋಪ್ರೊಪೈಲ್ ಆಲ್ಕೋಹಾಲ್ ಬಾಟಲಿ ಐರನ್ ಇರುವ ಬದಿಯಲ್ಲಿ ಇರಬಾರದು. ಇನ್ನೊಂದು ತುದಿಯಲ್ಲಿ, ಮುಚ್ಚಳ ಹಾಕಿ ಇಡಿ. ಬೇಗ ಬೆಂಕಿ ಹತ್ತುವ ದ್ರವ ಅದು.

6. ಸ್ಟ್ಯಾಟಿಕ್

ಬಾಗಿಲ ಹಿಡಿ ಮುಟ್ಟಿದಾಗ ಚುರ್ ಎನ್ನುತ್ತದಲ್ಲ, ಅದೇ. ನಮಗೆ ಅದು ಗೊತ್ತಾಗಬೇಕಾದರೆ ಸುಮಾರು 3000 ವೋಲ್ಟ್ ಬೇಕು. ಕೆಲವು ಚಿಪ್‌ಗಳು ಸಾಯಲು 100 ವೋಲ್ಟೂ ಬೇಡ. ಸ್ಟ್ಯಾಟಿಕ್ ಮ್ಯಾಟ್ ಮತ್ತು ಮಣಿಕಟ್ಟಿನ ಪಟ್ಟಿ ಎರಡನ್ನೂ ಅರ್ಥ್‌ಗೆ ಸೇರಿಸಿ. ಪಟ್ಟಿಯ ವೈರ್‌ನಲ್ಲಿ 1 ಮೆಗಾಓಮ್ ರೆಸಿಸ್ಟರ್ ಇರುತ್ತದೆ, ಅದಿಲ್ಲದೆ ಬರೀ ತಂತಿ ಕಟ್ಟಿಕೊಳ್ಳಬೇಡಿ. ಕರೆಂಟ್ ಆನ್ ಇರುವ ವಸ್ತುವಿನೊಳಗೆ ಕೈ ಹಾಕುವಾಗ ಪಟ್ಟಿ ಬಿಚ್ಚಿಡಿ. ನೀಲಿ ಸಿಲಿಕೋನ್ ಮ್ಯಾಟ್ ಶಾಖಕ್ಕೆ ಚೆನ್ನ, ಆದರೆ ಸಾಮಾನ್ಯ ಸಿಲಿಕೋನ್ ಸ್ಟ್ಯಾಟಿಕ್ ತಡೆಯುವುದಿಲ್ಲ. ಐಸಿಗಳನ್ನು (ಚಿಪ್‌ಗಳನ್ನು) ಥರ್ಮಾಕೋಲ್‌ಗೆ ಚುಚ್ಚಿಡುವವರು ಈಗಲೇ ತೆಗೆಯಿರಿ. ಅದಕ್ಕೆ ಕಪ್ಪು ಕಂಡಕ್ಟಿವ್ ಫೋಮ್ ಬೇಕು.

7. ಬಿಚ್ಚಿದ ಕೆಲಸಕ್ಕೆ ಒಂದೊಂದು ಡಬ್ಬ

ಮುಖ್ಯವಾದ ಹಂತ ಇದು. ಎ4 ಕಾಗದ ಹಿಡಿಸುವಷ್ಟು ಅಗಲದ, ಮುಚ್ಚಳ ಇರುವ, ಒಂದರ ಮೇಲೊಂದು ಕೂರುವ ಮೂರು ಡಬ್ಬ ತನ್ನಿ. ಮೂರೇ ಸಾಕು. ಒಂದು ವಸ್ತು ಬಿಚ್ಚಿದ ಕ್ಷಣದಿಂದ ಮುಚ್ಚುವವರೆಗೆ ಅದರದ್ದೆಲ್ಲಾ ಒಂದೇ ಡಬ್ಬಿಯಲ್ಲಿ ಇರಬೇಕು. ಕವರ್, ಸ್ಪ್ರಿಂಗ್, ಸ್ಕ್ರೂ, ಹಳೇ ಪಾರ್ಟ್, ಹೊಸ ಪಾರ್ಟ್ ಎಲ್ಲವೂ. ಮೂರೂ ತುಂಬಿದ್ದರೆ ನಾಲ್ಕನೇ ವಸ್ತು ಬಿಚ್ಚುವ ಹಾಗಿಲ್ಲ. ಪಕ್ಕದ ಮನೆಯವರು ಮಿಕ್ಸಿ ತಂದುಕೊಟ್ಟರೂ ಕಾಯಲಿ.

ಸ್ಕ್ರೂ ಇಡುವುದಕ್ಕೆ ಒಂದು ಕಾಗದದ ಮೇಲೆ ವಸ್ತುವಿನ ಆಕಾರ ಗೀಚಿ. ಯಾವ ಮೂಲೆಯಿಂದ ಸ್ಕ್ರೂ ತೆಗೆದಿರೋ ಕಾಗದದಲ್ಲಿ ಅದೇ ಮೂಲೆಗೆ ಟೇಪ್ ಹಾಕಿ ಅಂಟಿಸಿ. ಅತಿ ಅನ್ನಿಸಬಹುದು. ಆದರೆ ಫೋನಿನೊಳಗಿನ ಎರಡು ಸ್ಕ್ರೂಗಳಿಗೆ ಅರ್ಧ ಮಿಲಿಮೀಟರ್ ವ್ಯತ್ಯಾಸ ಇರುತ್ತದೆ, ಕಣ್ಣಿಗೆ ಒಂದೇ ಥರ ಕಾಣುತ್ತವೆ. ಗಿಡ್ಡ ಸ್ಕ್ರೂ ಜಾಗಕ್ಕೆ ಉದ್ದದ್ದು ಹಾಕಿ ತಿರುಗಿಸಿದರೆ ಅದು ತಳ ಮುಟ್ಟಿ, ಬೋರ್ಡ್ ಒಳಗಿನ ಟ್ರ್ಯಾಕ್ ಕತ್ತರಿಸಿಬಿಡುತ್ತದೆ. ಅಲ್ಲಿಗೆ ಡಿಸ್‌ಪ್ಲೇ ಬದಲಿಸಲು ಹೋಗಿ ಫೋನೇ ಹೋಯಿತು.

ಡಬ್ಬ ಮುಚ್ಚುವ ಮುನ್ನ ಒಂದು ಚೀಟಿ ಬರೆದು ಮೇಲೆ ಹಾಕಿ. ತಾರೀಖು, ಏನು ನೋಡಿದೆ, ಏನು ಸಿಕ್ಕಿತು, ಮುಂದೆ ಏನು ಮಾಡಬೇಕು. "12 ವೋಲ್ಟ್ ಬರುತ್ತಿದೆ, 5 ವೋಲ್ಟ್ ಇಲ್ಲ, ರೆಗ್ಯುಲೇಟರ್ ಬದಲಿಸಿ ನೋಡು" ಎಂದಿದ್ದರೆ ಸಾಕು. "ಕೆಲಸ ಮಾಡುತ್ತಿಲ್ಲ" ಎಂದು ಬರೆದರೆ ಬರೆಯದೇ ಇದ್ದ ಹಾಗೆ. ಬಿಚ್ಚುವಾಗ ಹಂತ ಹಂತಕ್ಕೂ ಫೋಟೋ ತೆಗೆಯಿರಿ, ಕನೆಕ್ಟರ್ ಎಳೆಯುವ ಮೊದಲೇ ತೆಗೆಯಿರಿ.

8. ಬಿಡಿಭಾಗಗಳು

ರೆಸಿಸ್ಟರ್‌ಗಳಿಂದ ಶುರು ಮಾಡೋಣ, ಎಲ್ಲರೂ ಸೋಲುವುದು ಇಲ್ಲೇ. ಇ12 ಎನ್ನುವ ಸಾಮಾನ್ಯ ಸರಣಿಯಲ್ಲಿ 10 ಓಮ್‌ನಿಂದ 1 ಮೆಗಾಓಮ್‌ವರೆಗೆ 61 ಬೆಲೆಗಳಿವೆ. 61 ಖಾನೆ ಮಾಡಿದವರು ವಾಪಸ್ ಇಡುವ ಕಷ್ಟಕ್ಕೆ ಒಂದು ತಿಂಗಳಲ್ಲಿ ಬಿಟ್ಟುಬಿಡುತ್ತಾರೆ. ನಾನು ಮಾಡುವುದು ಆರೇ ಝಿಪ್ ಕವರ್. ನಾಲ್ಕು ಪಟ್ಟಿಯ ರೆಸಿಸ್ಟರ್‌ನಲ್ಲಿ ಮೂರನೇ ಪಟ್ಟಿಯ ಬಣ್ಣ ನೋಡಿ, ಆ ಬಣ್ಣದ ಕವರಿಗೆ ಹಾಕಿ. ಕಪ್ಪು ಎಂದರೆ ಹತ್ತರ ಲೆಕ್ಕದ ಓಮ್, ಕಂದು ನೂರರದ್ದು, ಕೆಂಪು ಕಿಲೋಓಮ್, ಕಿತ್ತಳೆ ಹತ್ತು ಕಿಲೋ, ಹಳದಿ ನೂರು ಕಿಲೋ, ಹಸಿರು ಮೆಗಾಓಮ್. ಐದು ಪಟ್ಟಿ ಇದ್ದರೆ ನಾಲ್ಕನೆಯದನ್ನು ನೋಡಬೇಕು, ಆದರೆ ಅಲ್ಲಿ ಬಣ್ಣ ಒಂದು ಹೆಜ್ಜೆ ಹಿಂದೆ ಇರುತ್ತದೆ: ಕಪ್ಪು ಎಂದರೆ ನೂರರದ್ದು, ಕಂದು ಕಿಲೋಓಮ್, ಕೆಂಪು ಹತ್ತು ಕಿಲೋ, ಹೀಗೆ. ಬೇಕಾದಾಗ ಒಂದು ಕವರ್ ಸುರಿದುಕೊಂಡರೆ ಹನ್ನೆರಡೇ ಬೆಲೆಗಳಲ್ಲಿ ಹುಡುಕುವುದು.

ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳನ್ನು ವೋಲ್ಟೇಜ್ ಪ್ರಕಾರ ಇಡಿ. ಹಳೇ ಬೋರ್ಡ್‌ನಿಂದ ಕಿತ್ತ ಎಲೆಕ್ಟ್ರೋಲಿಟಿಕ್‌ಗಳನ್ನು ಕೂಡಿಡಬೇಡಿ, ಒಳಗಿನ ದ್ರವ ಆರಿಹೋಗಿರುತ್ತದೆ, ಒಂದು ರಿಪೇರಿಯಿಂದ ಇನ್ನೊಂದು ರಿಪೇರಿ ಹುಟ್ಟುತ್ತದೆ. ಎಕ್ಸ್ ಅಥವಾ ವೈ ಎಂದು ಗುರುತಿರುವ ಕೆಪಾಸಿಟರ್‌ಗಳು ಮೇನ್ಸ್ ಸುರಕ್ಷತೆಗೆ ಇರುವವು. ಅವಕ್ಕೆ ಬೇರೆ ಕವರ್. ಅವುಗಳ ಜಾಗಕ್ಕೆ ಬೇರೆ ಬಗೆಯದ್ದು ಹಾಕುವಂತಿಲ್ಲ.

ಲೇಬಲ್‌ಗೆ ಮಾಸ್ಕಿಂಗ್ ಟೇಪ್, ಮಾರ್ಕರ್ ಸಾಕು. ಲೇಬಲ್ ಮುಚ್ಚಳಕ್ಕೆ ಬೇಡ, ಡಬ್ಬಿಯ ಮೈಗೆ ಅಂಟಿಸಿ. ಮುಚ್ಚಳಗಳು ಅದಲುಬದಲಾಗುತ್ತವೆ. ಸತ್ತ ಬೋರ್ಡ್‌ಗಳಿಗೆ ಒಂದೇ ಪೆಟ್ಟಿಗೆ. ಅದು ತುಂಬಿದ ದಿನ ಹೊಸದು ಹಾಕಬೇಕಾದರೆ ಹಳೆಯದೊಂದು ಇ-ತ್ಯಾಜ್ಯಕ್ಕೆ ಹೋಗಬೇಕು.

ಮಲ್ಟಿಮೀಟರ್ ಬಗ್ಗೆ ಒಂದು ಎಚ್ಚರಿಕೆ. ಕರೆಂಟ್ ಅಳೆದು ಕೆಂಪು ವೈರನ್ನು 10 ಆಂಪ್ ತೂತಿನಲ್ಲೇ ಬಿಟ್ಟು, ನಾಳೆ ಬಂದು ಸಾಕೆಟ್‌ನಲ್ಲಿ ವೋಲ್ಟೇಜ್ ನೋಡಲು ಹೋಗುತ್ತಾರೆ. ಅದು ನೇರ ಶಾರ್ಟ್. ಮೀಟರ್ ಎತ್ತಿಡುವಾಗ ವೈರ್ ವೋಲ್ಟ್ ತೂತಿಗೆ ಬಂದಿರಲೇಬೇಕು. ತಿಂಗಳುಗಟ್ಟಲೆ ಬಳಸದಿದ್ದರೆ ಒಳಗಿನ ಬ್ಯಾಟರಿ ತೆಗೆದಿಡಿ, ಸೋರಿದರೆ ಮೀಟರ್ ಹಾಳು.

9. ಲಿಥಿಯಂ ಬ್ಯಾಟರಿ

ಊದಿಕೊಂಡ ಫೋನ್ ಬ್ಯಾಟರಿ ಮೇಜಿನ ಮೇಲೆ ಒಂದು ರಾತ್ರಿಯೂ ಇರಬಾರದು. ಚುಚ್ಚಬೇಡಿ, ಒತ್ತಬೇಡಿ, ಚಾರ್ಜ್ ಮಾಡಿ ನೋಡಬೇಡಿ. ತುದಿಗಳಿಗೆ ಟೇಪ್ ಸುತ್ತಿ, ತಳಕ್ಕೆ ಒಣ ಮರಳು ಹಾಕಿದ ಲೋಹದ ಡಬ್ಬಿಯಲ್ಲಿಟ್ಟು ಮನೆಯಿಂದ ಹೊರಗೆ ಇಡಿ, ಬೇಗ ಬ್ಯಾಟರಿ ಸಂಗ್ರಹಿಸುವ ಕಡೆ ಕೊಡಿ. ಡಬ್ಬಿಯ ಮುಚ್ಚಳ ಬಿಗಿಯಾಗಿರಬಾರದು, ಗ್ಯಾಸ್ ಹೊರಹೋಗಬೇಕು. ಚೆನ್ನಾಗಿರುವ ಸೆಲ್‌ಗಳನ್ನು ಅರ್ಧದಷ್ಟು ಚಾರ್ಜ್‌ನಲ್ಲಿ, ತಂಪಾದ ಕಡೆ, ಒಂದಕ್ಕೊಂದು ತಾಗದಂತೆ ಇಡಿ. ಸ್ಕ್ರೂ ಡಬ್ಬಿಯ ಜೊತೆ ಖಂಡಿತ ಬೇಡ.

10. ಎದ್ದೇಳುವ ಮುನ್ನ

ತುದಿಗೆ ಸೋಲ್ಡರ್ ಹಚ್ಚಿ ಐರನ್ ಸ್ಟ್ಯಾಂಡ್‌ಗೆ. ಮೇನ್ ಸ್ವಿಚ್ ಆಫ್, ದೀಪ ಇನ್ನೂ ಉರಿಯುತ್ತಿರಲಿ. ಚೀಟಿ ಬರೆದು ಡಬ್ಬ ಮುಚ್ಚಿ. ಬಿಡಿಭಾಗಗಳಿಂದ ಕತ್ತರಿಸಿದ ತಂತಿ ಕಾಲುಗಳನ್ನು, ಸೋಲ್ಡರ್ ಚೂರುಗಳನ್ನು ಒದ್ದೆ ಬಟ್ಟೆಯಿಂದ ಒತ್ತಿ ಎತ್ತಿ, ಒಣ ಪೊರಕೆಯಿಂದ ಗುಡಿಸಿ ಧೂಳೆಬ್ಬಿಸಬೇಡಿ. ಐರನ್ ತಣ್ಣಗಾಗಲು ಹತ್ತು ಹದಿನೈದು ನಿಮಿಷ ಬೇಕು, ಅಲ್ಲಿಯವರೆಗೆ ಕೋಣೆಗೆ ಮಕ್ಕಳನ್ನು ಬಿಡಬೇಡಿ. ಆಮೇಲೆ ಸೋಪು ಹಾಕಿ ಕೈ ತೊಳೆದುಕೊಳ್ಳಿ, ಉಗುರಿನ ಸಂದಿಯನ್ನೂ ಸೇರಿಸಿ.